ಮಾತ್ರೆಯ ಬೆಲೆಯ ಹಿಂದಿನ ಕಾನೂನು

ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್ ಉಲ್ಬಣಿಸಿದ ರೋಗಿಗಳಿಗೆ ಕೊಡುವ ಔಷಧಿಗಳಲ್ಲಿ ಸೊರಾಫೆನಿಬ್ ಒಂದು. ಜರ್ಮನಿಯ ಬೇಯರ್ ಕಂಪೆನಿ ಇದನ್ನು ನೆಕ್ಸಾವರ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ರೋಗ ಗುಣವಾಗದಿದ್ದರೂ ಆಯುಷ್ಯವನ್ನು ಕೆಲವು ತಿಂಗಳು ಮುಂದೂಡುವ ಶಕ್ತಿ ಇದಕ್ಕಿದೆ. 2012ರ ಆರಂಭದಲ್ಲಿ ಭಾರತದಲ್ಲಿ ಒಂದು ತಿಂಗಳಿಗೆ ಬೇಕಾಗುವ 120 ಮಾತ್ರೆಗಳ ಬೆಲೆ 2,80,428 ರೂಪಾಯಿ ಇತ್ತು. ಆ ವರ್ಷದ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಒಂದು ಆದೇಶ ಹೊರಡಿಸಿದರು. ಹೈದರಾಬಾದಿನ ನ್ಯಾಟ್ಕೊ ಕಂಪೆನಿ ಅದೇ ಔಷಧಿಯನ್ನು ತಯಾರಿಸಬಹುದು, ಆದರೆ ತಿಂಗಳ ಮಾತ್ರೆಗಳ ಬೆಲೆ 8,880 ರೂಪಾಯಿ ಮೀರಕೂಡದು ಎಂಬುದು ಆದೇಶದ ಸಾರ.

ಮಾತ್ರೆಯೊಳಗಿನ ರಾಸಾಯನಿಕ ಬದಲಾಗಲಿಲ್ಲ. ಅದು ಮಾಡುವ ಕೆಲಸವೂ ಬದಲಾಗಲಿಲ್ಲ. ಬದಲಾದದ್ದು ಅದನ್ನು ಯಾರು ತಯಾರಿಸಬಹುದು ಎಂಬ ನಿಯಮ ಮಾತ್ರ. ಅಷ್ಟಕ್ಕೇ ಬೆಲೆ ನೂರಕ್ಕೆ ಮೂರು ಪಾಲಿಗೆ ಇಳಿಯಿತು.

ಇದನ್ನು ಕೆಲವರು ನ್ಯಾಯ ಎಂದರು, ಇನ್ನು ಕೆಲವರು ಕಳವು ಎಂದರು. ಹೀಗೆ ಮಾಡಿದರೆ ವಿದೇಶಿ ಬಂಡವಾಳ ಈ ಕಡೆ ತಲೆ ಹಾಕುವುದಿಲ್ಲ, ಹೊಸ ಔಷಧಿಗಳ ಸಂಶೋಧನೆಯೇ ನಿಂತುಹೋಗುತ್ತದೆ ಎಂಬ ಎಚ್ಚರಿಕೆಯೂ ಬಂತು. ಈ ವಾದ ಹೊಸದಲ್ಲ. ಇದಕ್ಕೆ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ಒಮ್ಮೆ ತಿರುವಿ ನೋಡಿದರೆ ಒಂದು ಸ್ವಾರಸ್ಯದ ಸಂಗತಿ ಕಣ್ಣಿಗೆ ಬೀಳುತ್ತದೆ. ಇಂದು ಭಾರತಕ್ಕೆ ಬುದ್ಧಿ ಹೇಳುವ ದೇಶಗಳು ತಾವು ಬೆಳೆಯುತ್ತಿದ್ದ ಕಾಲದಲ್ಲಿ ನಡೆದ ದಾರಿ ಭಾರತ ನಡೆದ ದಾರಿಯೇ ಆಗಿತ್ತು.

ಪೇಟೆಂಟ್ ಎಂಬ ಕರಾರು

ಪೇಟೆಂಟ್ ಎಂದರೆ ಸಮಾಜಕ್ಕೂ ಸಂಶೋಧಕನಿಗೂ ನಡುವೆ ಆಗುವ ಒಂದು ಕರಾರು. ಸಂಶೋಧಕ ತನ್ನ ಗುಟ್ಟನ್ನು ಬರಹದಲ್ಲಿ ಬಹಿರಂಗಪಡಿಸುತ್ತಾನೆ. ಅದಕ್ಕೆ ಪ್ರತಿಯಾಗಿ, ಗೊತ್ತಾದ ಕೆಲವು ವರ್ಷಗಳ ಕಾಲ ಆ ವಸ್ತುವನ್ನು ತಯಾರಿಸುವ, ಮಾರುವ ಹಕ್ಕನ್ನು ಸರ್ಕಾರ ಅವನೊಬ್ಬನಿಗೇ ಕೊಡುತ್ತದೆ. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರ ಸೊತ್ತು. ಇದು ಹುಟ್ಟಿನಿಂದ ಬಂದ ಹಕ್ಕಲ್ಲ, ಕಾನೂನು ಕೊಟ್ಟ ಹಕ್ಕು. ಆದ್ದರಿಂದ ಅದರ ಷರತ್ತುಗಳನ್ನು ಬರೆಯುವ ಅಧಿಕಾರವೂ ಕಾನೂನು ಮಾಡುವ ದೇಶಕ್ಕೇ ಸೇರಿದ್ದು.

ಈ ಕರಾರಿನಲ್ಲಿ ಎರಡು ಬಗೆಗಳಿವೆ. ಒಂದು ವಸ್ತುವಿನ ಪೇಟೆಂಟ್, ಇನ್ನೊಂದು ತಯಾರಿಕೆಯ ವಿಧಾನದ ಪೇಟೆಂಟ್. ಮೈಸೂರುಪಾಕಿನ ಉದಾಹರಣೆ ತೆಗೆದುಕೊಳ್ಳಬಹುದು. ಮೈಸೂರುಪಾಕಿಗೇ ಪೇಟೆಂಟ್ ಕೊಟ್ಟರೆ ಬೇರೆ ಯಾರೂ, ಯಾವ ರೀತಿಯಲ್ಲೂ ಅದನ್ನು ಮಾಡುವಂತಿಲ್ಲ. ಪಾಕ ಹಿಡಿಯುವ ಒಂದು ಕ್ರಮಕ್ಕೆ ಮಾತ್ರ ಪೇಟೆಂಟ್ ಕೊಟ್ಟರೆ, ಬೇರೆ ಕ್ರಮದಲ್ಲಿ ಅದೇ ಸಿಹಿಯನ್ನು ಮಾಡಬಲ್ಲ ಇನ್ನೊಬ್ಬ ಬಾಣಸಿಗನಿಗೆ ಅಡ್ಡಿಯಿಲ್ಲ. ಮೊದಲನೆಯದರಲ್ಲಿ ಅಂಗಡಿ ಒಂದೇ. ಎರಡನೆಯದರಲ್ಲಿ ಅಂಗಡಿಗಳು ಹಲವಾಗುತ್ತವೆ, ಬೆಲೆ ಇಳಿಯುತ್ತದೆ. ಔಷಧಿಯ ಇತಿಹಾಸದಲ್ಲಿ ನಡೆದ ಜಗಳವೆಲ್ಲ ಈ ಎರಡರ ನಡುವಿನದು.

1877ರಲ್ಲಿ ಜರ್ಮನಿ ತನ್ನ ಮೊದಲ ರಾಷ್ಟ್ರೀಯ ಪೇಟೆಂಟ್ ಕಾನೂನನ್ನು ಜಾರಿಗೆ ತಂದಿತು. ಆಹಾರ, ಔಷಧಿ ಮತ್ತು ರಾಸಾಯನಿಕ ವಸ್ತುಗಳಿಗೆ ಅದರಲ್ಲಿ ಪೇಟೆಂಟ್ ಇರಲಿಲ್ಲ. ಅವುಗಳನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಒಂದೇ ಬಣ್ಣವನ್ನು, ಒಂದೇ ಔಷಧಿಯನ್ನು ಹೊಸ ಹೊಸ ಮಾರ್ಗಗಳಲ್ಲಿ ತಯಾರಿಸಲು ಜರ್ಮನಿಯ ರಸಾಯನಶಾಸ್ತ್ರಜ್ಞರು ಪೈಪೋಟಿಗೆ ಬಿದ್ದರು. ಆ ಪೈಪೋಟಿಯಲ್ಲಿ ಬೆಳೆದು ದೊಡ್ಡದಾದ ಕಂಪೆನಿಗಳಲ್ಲಿ ಬೇಯರ್ ಕೂಡ ಒಂದು. 1899ರಲ್ಲಿ ಆಸ್ಪಿರಿನ್ ಎಂಬ ಹೆಸರನ್ನು ಮಾರುಕಟ್ಟೆಗೆ ತಂದದ್ದು ಅದೇ ಕಂಪೆನಿ. ಜರ್ಮನಿ ಔಷಧಿಗೆ ವಸ್ತುವಿನ ಪೇಟೆಂಟ್ ಕೊಡತೊಡಗಿದ್ದು 1968ರಲ್ಲಿ, ಅಂದರೆ 90 ವರ್ಷಗಳ ಬಳಿಕ.

ಸ್ವಿಟ್ಜರ್ಲೆಂಡಿನ ಕಥೆಯೂ ಇದೇ. ಬಾಸೆಲ್ ನಗರದ ಬಣ್ಣದ ಕಾರ್ಖಾನೆಗಳು ಪೇಟೆಂಟ್ ಕಾನೂನಿನ ಹಂಗೇ ಇಲ್ಲದೆ ಬೆಳೆದವು. ರಾಸಾಯನಿಕ ವಿಧಾನಗಳಿಗೆ ಅಲ್ಲಿ ರಕ್ಷಣೆ ಬಂದದ್ದು 1907ರಲ್ಲಿ. ಔಷಧಿ ಎಂಬ ವಸ್ತುವಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಜಪಾನ್ 1976ರಲ್ಲಿ, ಇಟಲಿ 1978ರಲ್ಲಿ, ಸ್ಪೇನ್ 1992ರಲ್ಲಿ ಔಷಧಿಗೆ ವಸ್ತುವಿನ ಪೇಟೆಂಟ್ ಒಪ್ಪಿಕೊಂಡವು. ಸ್ವಂತ ಉದ್ಯಮ ಕಾಲೂರಿ ನಿಲ್ಲುವವರೆಗೆ ಈ ದೇಶಗಳಲ್ಲಿ ಬಹುಪಾಲು ಆ ಬಾಗಿಲನ್ನು ತೆರೆದೇ ಇಟ್ಟಿದ್ದವು ಎಂಬುದನ್ನು ಗಮನಿಸಬೇಕು.

ಎರವಲು ಕಾನೂನಿನ ಕಾಲ

ಭಾರತದಲ್ಲಿ ಪೇಟೆಂಟ್ ಕಾನೂನು ಬಂದದ್ದು ನಮ್ಮ ಅಗತ್ಯಕ್ಕಾಗಿ ಅಲ್ಲ. 1856ರಲ್ಲಿ ಕಂಪೆನಿ ಸರ್ಕಾರ ಮೊದಲ ಕಾಯಿದೆ ಮಾಡಿತು. 1911ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ದೇಶದ ಮಾದರಿಯಲ್ಲಿ ಪೇಟೆಂಟ್ ಮತ್ತು ವಿನ್ಯಾಸಗಳ ಕಾಯಿದೆ ತಂದಿತು. ಸ್ವಾತಂತ್ರ್ಯ ಬಂದಾಗ ಪೇಟೆಂಟಿನ ಅವಧಿ 16 ವರ್ಷ ಇತ್ತು, ಔಷಧಿಯೂ ಅದರ ವ್ಯಾಪ್ತಿಯಲ್ಲಿತ್ತು. ಇಲ್ಲಿ ಪೇಟೆಂಟ್ ಪಡೆದವರಲ್ಲಿ ಹೆಚ್ಚಿನವರು ವಿದೇಶಿಯರು. ಪಡೆದ ಮೇಲೆ ಅವರು ಇಲ್ಲಿ ಕಾರ್ಖಾನೆ ತೆರೆಯುತ್ತಿರಲಿಲ್ಲ. ಔಷಧಿಯನ್ನು ಹಡಗಿನಲ್ಲಿ ತಂದು ಮಾರುತ್ತಿದ್ದರು. ಬೇರೆಯವರು ತಯಾರಿಸದಂತೆ ತಡೆಯುವುದೇ ಆ ಪೇಟೆಂಟುಗಳ ಮುಖ್ಯ ಉಪಯೋಗವಾಗಿತ್ತು.

ಸಕ್ಕರೆ ಕಾಯಿಲೆಯ ಟಾಲ್‌ಬ್ಯುಟಮೈಡ್ ಎಂಬ ಔಷಧಿಯ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಮುಂಬೈಯ ಹಾಫ್‌ಕಿನ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ವಿಧಾನದಲ್ಲಿ ಯೂನಿಕೆಮ್ ಎಂಬ ಭಾರತೀಯ ಕಂಪೆನಿ ಈ ಔಷಧಿಯನ್ನು ತಯಾರಿಸತೊಡಗಿತು. ಜರ್ಮನಿಯ ಹೂಕ್ಸ್ಟ್ ಕಂಪೆನಿ ನ್ಯಾಯಾಲಯದ ಮೆಟ್ಟಿಲೇರಿತು. 1960ರ ದಶಕದ ಕೊನೆಗೆ ಬಾಂಬೆ ಹೈಕೋರ್ಟಿನಲ್ಲಿ ಹೂಕ್ಸ್ಟ್ ಗೆದ್ದಿತು. ನಮ್ಮವರೇ ಕಂಡುಕೊಂಡ ದಾರಿ ನಮ್ಮದೇ ಕಾನೂನಿನಲ್ಲಿ ಮುಚ್ಚಿಹೋಯಿತು.

ಸ್ವತಂತ್ರ ಭಾರತ ಈ ಕಾನೂನನ್ನು ಪರಿಶೀಲಿಸಲು ತಡ ಮಾಡಲಿಲ್ಲ. 1948ರಲ್ಲಿ ನ್ಯಾಯಮೂರ್ತಿ ಬಕ್ಷಿ ಟೇಕ್ ಚಂದ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಪೇಟೆಂಟ್ ವ್ಯವಸ್ಥೆ ದೇಶದ ಕೈಗಾರಿಕೆಗೆ ನೆರವಾಗುತ್ತಿಲ್ಲ ಎಂದು ಅದು ವರದಿ ಕೊಟ್ಟಿತು. ಅದರ ಫಲವಾಗಿ ಕಡ್ಡಾಯ ಲೈಸೆನ್ಸಿಗೆ ಕಾಯಿದೆಯಲ್ಲಿ ಜಾಗವಾಯಿತು. ಪೇಟೆಂಟ್ ಉಳ್ಳವನ ಒಪ್ಪಿಗೆ ಇಲ್ಲದಿದ್ದರೂ, ಅವನಿಗೆ ರಾಯಧನ ಕೊಡಿಸಿ, ಬೇರೆಯವರಿಗೆ ತಯಾರಿಕೆಯ ಅನುಮತಿ ಕೊಡುವುದಕ್ಕೆ ಕಡ್ಡಾಯ ಲೈಸೆನ್ಸ್ ಎನ್ನುತ್ತಾರೆ. ಆದರೆ ಕಾಗದದ ಮೇಲಿನ ಈ ಅವಕಾಶ ಹೆಚ್ಚು ಫಲ ಕೊಡಲಿಲ್ಲ.

1957ರಲ್ಲಿ ಇದೇ ಕೆಲಸವನ್ನು ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರಿಗೆ ಒಪ್ಪಿಸಲಾಯಿತು. ಎರಡು ವರ್ಷಗಳ ಬಳಿಕ, 1959ರ ಸೆಪ್ಟೆಂಬರಿನಲ್ಲಿ, ಅವರು ಸಲ್ಲಿಸಿದ ವರದಿ ಇಂದಿಗೂ ಓದತಕ್ಕದ್ದು. ಭಾರತದಲ್ಲಿ ಕೊಟ್ಟ ಪೇಟೆಂಟುಗಳಲ್ಲಿ ನೂರಕ್ಕೆ 80ರಿಂದ 90 ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಇಲ್ಲಿ ಬಳಕೆಗೇ ಬಂದಿಲ್ಲ ಎಂದು ಅವರು ತೋರಿಸಿಕೊಟ್ಟರು. ಹಾಗೆಂದು ಪೇಟೆಂಟ್ ಪದ್ಧತಿಯನ್ನೇ ಕಿತ್ತೆಸೆಯಿರಿ ಎಂದು ಅವರು ಹೇಳಲಿಲ್ಲ. ಜರ್ಮನಿಯ ಉದಾಹರಣೆಯನ್ನು ಮುಂದಿಟ್ಟು, ಆಹಾರ ಮತ್ತು ಔಷಧಿಗೆ ವಿಧಾನದ ಪೇಟೆಂಟ್ ಮಾತ್ರ ಸಾಕು ಎಂದರು.

ಅದೇ ಹೊತ್ತಿಗೆ ಅಮೆರಿಕದಲ್ಲೂ ಔಷಧಿ ಬೆಲೆಯ ವಿಚಾರಣೆ ನಡೆಯುತ್ತಿತ್ತು. ಸೆನೆಟರ್ ಎಸ್ಟೆಸ್ ಕೆಫಾವರ್ ನೇತೃತ್ವದ ಉಪಸಮಿತಿ ಹಲವು ದೇಶಗಳ ಬೆಲೆಗಳನ್ನು ಹೋಲಿಸಿ ನೋಡಿತು. ಕೆಲವು ಆಂಟಿಬಯೋಟಿಕ್‌ಗಳಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆ ತೆರುತ್ತಿರುವ ದೇಶಗಳ ಸಾಲಿನಲ್ಲಿ ಬಡ ಭಾರತವೂ ಇದೆ ಎಂದು ಅದರ ವರದಿ ದಾಖಲಿಸಿತು. ಇದನ್ನು ಹೇಳಿದವರು ಅಮೆರಿಕದ ಸೆನೆಟಿನವರೇ ಆದ್ದರಿಂದ ದೆಹಲಿಯಲ್ಲಿ ಆ ಮಾತಿಗೆ ತೂಕ ಬಂತು.

ಆದರೂ ಹೊಸ ಕಾಯಿದೆ ಸುಲಭವಾಗಿ ಆಗಲಿಲ್ಲ. 1965ರಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 1967ರಲ್ಲಿ ಮತ್ತೆ ಮಂಡನೆಯಾಗಿ, ಜಂಟಿ ಸಮಿತಿಯ ಮುಂದೆ ಹೋಗಿ, ಕೊನೆಗೆ 1970ರಲ್ಲಿ ಕಾಯಿದೆಯಾಯಿತು. 1972ರ ಏಪ್ರಿಲ್ 20ರಿಂದ ಜಾರಿಗೆ ಬಂತು. ಔಷಧಿ ಮತ್ತು ಆಹಾರಕ್ಕೆ ವಸ್ತುವಿನ ಪೇಟೆಂಟ್ ಇಲ್ಲವಾಯಿತು. ವಿಧಾನದ ಪೇಟೆಂಟಿನ ಅವಧಿ, ಮುದ್ರೆ ಬಿದ್ದ ದಿನದಿಂದ ಐದು ವರ್ಷ ಅಥವಾ ಪೇಟೆಂಟಿನ ದಿನಾಂಕದಿಂದ ಏಳು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟು. ಉಳಿದ ವಸ್ತುಗಳಿಗೆ 14 ವರ್ಷ.

ಕಾನೂನೊಂದೇ ಸಾಲದು

ಅಗ್ಗದ ಔಷಧಿಯ ಕೀರ್ತಿಯನ್ನೆಲ್ಲ ಈ ಕಾಯಿದೆಗೇ ಕೊಡುವುದು ವಾಡಿಕೆ. ಅದು ಅರ್ಧ ಸತ್ಯ. ನಕಲು ಮಾಡಲು ಅನುಮತಿ ಇದ್ದರಷ್ಟೇ ಸಾಲದು, ಮಾಡಬಲ್ಲ ಕೈಗಳೂ ಬೇಕು. ಆ ಕೈಗಳು ಎಲ್ಲಿ ಪಳಗಿದವು ಎಂಬುದನ್ನು ನೋಡಬೇಕು.

1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಮರುವರ್ಷವೇ ಅಲ್ಲಿ ಪೆನಿಸಿಲಿನ್ ತಯಾರಾಯಿತು. ಅಲ್ಲಿನ ಸಂಶೋಧನಾ ವಿಭಾಗದಲ್ಲಿ ಕರ್ನಾಟಕ ಮೂಲದ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರ ತಂಡ ಹ್ಯಾಮೈಸಿನ್ ಎಂಬ ಹೊಸ ಆಂಟಿಬಯೋಟಿಕ್ ಅನ್ನೇ ಕಂಡುಹಿಡಿಯಿತು. 1961ರಲ್ಲಿ ಸೋವಿಯತ್ ನೆರವಿನಿಂದ ಐಡಿಪಿಎಲ್ ಹುಟ್ಟಿ, ಋಷಿಕೇಶ ಮತ್ತು ಹೈದರಾಬಾದಿನಲ್ಲಿ ದೊಡ್ಡ ಕಾರ್ಖಾನೆಗಳನ್ನು ಕಟ್ಟಿತು. ಹೈದರಾಬಾದು ಮುಂದೆ ಔಷಧಿಗಳ ಮೂಲವಸ್ತು ತಯಾರಿಕೆಯ ರಾಜಧಾನಿ ಆದದ್ದು ಆಕಸ್ಮಿಕವಲ್ಲ. ಡಾ. ರೆಡ್ಡೀಸ್ ಕಂಪೆನಿಯನ್ನು ಸ್ಥಾಪಿಸಿದ ಕೆ. ಅಂಜಿ ರೆಡ್ಡಿ ಮೊದಲು ಐಡಿಪಿಎಲ್‌ನಲ್ಲಿ ಕೆಲಸ ಮಾಡಿದವರು. ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಮತ್ತು ಕರ್ನಾಟಕ ಸರ್ಕಾರದ ಕೈಗಾರಿಕಾ ಹೂಡಿಕೆ ನಿಗಮ ಸೇರಿ 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪೆನಿಯನ್ನು ಆರಂಭಿಸಿದ್ದು ಇದೇ ಪರಂಪರೆಯಲ್ಲಿ.

ಬೆಲೆಯನ್ನು ಹಿಡಿದಿಡಲು 1970ರಲ್ಲಿ ಔಷಧಿ ಬೆಲೆ ನಿಯಂತ್ರಣ ಆದೇಶ ಬಂತು. 1973ರ ವಿದೇಶಿ ವಿನಿಮಯ ಕಾಯಿದೆ ವಿದೇಶಿ ಕಂಪೆನಿಗಳ ಷೇರು ಪಾಲನ್ನು ಸಾಮಾನ್ಯವಾಗಿ ನೂರಕ್ಕೆ 40ಕ್ಕೆ ಮಿತಗೊಳಿಸಿತು. ಉನ್ನತ ತಂತ್ರಜ್ಞಾನ ತರುವ ಔಷಧಿ ಕಂಪೆನಿಗಳಿಗೆ ಹೆಚ್ಚು ಪಾಲು ಇಟ್ಟುಕೊಳ್ಳುವ ಅವಕಾಶವಿತ್ತು. 1975ರಲ್ಲಿ ಜೈಸುಖಲಾಲ್ ಹಾಥಿ ಸಮಿತಿ 117 ಅತ್ಯಗತ್ಯ ಔಷಧಿಗಳ ಪಟ್ಟಿ ಕೊಟ್ಟು, ವಿದೇಶಿ ಪಾಲನ್ನು ಹಂತಹಂತವಾಗಿ ಇಳಿಸಲು ಸಲಹೆ ಮಾಡಿತು. ಇಷ್ಟೆಲ್ಲ ಆದರೂ ವಿದೇಶಿ ಔಷಧಿ ಕಂಪೆನಿಗಳಲ್ಲಿ ಬಹುಪಾಲು ಇಲ್ಲಿಂದ ಗಂಟುಮೂಟೆ ಕಟ್ಟಲಿಲ್ಲ. ಷೇರು ಪಾಲು ಇಳಿಸಿಕೊಂಡು ವ್ಯಾಪಾರ ಮುಂದುವರಿಸಿದವು. 1970ರ ಸುಮಾರಿಗೆ ಮಾರುಕಟ್ಟೆಯಲ್ಲಿ ಮೂರನೆಯ ಎರಡು ಭಾಗದಷ್ಟಿದ್ದ ಅವುಗಳ ಪಾಲು ಈ ಶತಮಾನದ ಆರಂಭಕ್ಕೆ ಕಾಲು ಭಾಗಕ್ಕಿಂತ ಕೆಳಗೆ ಇಳಿಯಿತು.

1981ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ಆರೋಗ್ಯ ಸಭೆಯಲ್ಲಿ ಇಂದಿರಾ ಗಾಂಧಿ ಮಾತನಾಡಿದರು. ವೈದ್ಯಕೀಯ ಸಂಶೋಧನೆಗಳಿಗೆ ಪೇಟೆಂಟ್ ಇಲ್ಲದ, ಸಾವು ಬದುಕುಗಳಿಂದ ಲಾಭ ಗಳಿಸದ ಜಗತ್ತು ತಮ್ಮ ಆದರ್ಶ ಎಂಬುದು ಅವರ ಮಾತಿನ ಸಾರವಾಗಿತ್ತು. ಬಡ ದೇಶಗಳ ಪ್ರತಿನಿಧಿಗಳಿಗೆ ಇದು ಹಿತವಾದ ಮಾತು. ಔಷಧಿ ಕಂಪೆನಿಗಳಿಗೆ ಅಲ್ಲ.

ಕಂಪೆನಿಗಳ ಅಳಲಿನಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ಒಂದು ಹೊಸ ಔಷಧಿ ಮಾರುಕಟ್ಟೆಗೆ ಬರಲು ಹತ್ತು ವರ್ಷವಾದರೂ ಬೇಕು. ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿದ ವಸ್ತುಗಳಲ್ಲಿ ಹೆಚ್ಚಿನವು ರೋಗಿಯ ಮೇಲಿನ ಪರೀಕ್ಷೆಯಲ್ಲಿ ಸೋಲುತ್ತವೆ. ಗೆದ್ದ ಒಂದರಿಂದ ಸೋತ ಹತ್ತರ ಖರ್ಚನ್ನು ದುಡಿಯಬೇಕು. ನಕಲು ಮಾಡುವವನಿಗೆ ಈ ಹೊರೆ ಇಲ್ಲ. ಎಲ್ಲರೂ ನಕಲನ್ನೇ ನೆಚ್ಚಿದರೆ ಅಸಲನ್ನು ಕಂಡುಹಿಡಿಯುವವರು ಯಾರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೇಟೆಂಟ್ ಸಂಶೋಧನೆಯನ್ನು ಹಣ ಇರುವ ಕಡೆಗೆ ಎಳೆಯುತ್ತದೆ, ರೋಗ ಇರುವ ಕಡೆಗಲ್ಲ ಎಂಬುದೂ ಅಷ್ಟೇ ನಿಜ. ಕಾಳಾ ಅಜಾರ್, ಆನೆಕಾಲು ರೋಗಗಳಂಥ ಬಡವರ ಕಾಯಿಲೆಗಳಿಗೆ ಶ್ರೀಮಂತ ಕಂಪೆನಿಗಳು ಬಹುಕಾಲ ಔಷಧಿ ಹುಡುಕದೇ ಹೋದದ್ದಕ್ಕೆ ಪೇಟೆಂಟಿನ ಕೊರತೆ ಕಾರಣವಲ್ಲ. ಆ ರೋಗಿಗಳ ಕಿಸೆ ಖಾಲಿ ಇದ್ದದ್ದು ಕಾರಣ.

ಡಂಕೆಲ್ ಬಂದ ಬಗೆ

ಪೇಟೆಂಟನ್ನು ವ್ಯಾಪಾರದ ಮಾತುಕತೆಗೆ ಗಂಟು ಹಾಕಿದ್ದು ಅಮೆರಿಕದ ದೊಡ್ಡ ಕಂಪೆನಿಗಳು. ಫೈಜರ್ ಔಷಧಿ ಕಂಪೆನಿಯ ಮುಖ್ಯಸ್ಥರಾಗಿದ್ದ ಎಡ್ಮಂಡ್ ಪ್ರ್ಯಾಟ್ ಇದರಲ್ಲಿ ಮುಂದಾಳು. 1986ರಲ್ಲಿ ಉರುಗ್ವೆಯಲ್ಲಿ ಆರಂಭವಾದ ಗ್ಯಾಟ್ ಸುತ್ತಿನಲ್ಲಿ ಬೌದ್ಧಿಕ ಆಸ್ತಿಯೂ ಚರ್ಚೆಯ ವಿಷಯವಾಯಿತು. ಭಾರತ ಮತ್ತು ಬ್ರೆಜಿಲ್ ಮೊದಲು ಬಲವಾಗಿ ವಿರೋಧಿಸಿದವು. ಅಮೆರಿಕ ತನ್ನ ವ್ಯಾಪಾರ ಕಾಯಿದೆಯ ಸ್ಪೆಷಲ್ 301 ಎಂಬ ಅಸ್ತ್ರವನ್ನು ತೋರಿಸಿತು. 1991ರಲ್ಲಿ ಭಾರತವನ್ನು ಅದರ ತಪ್ಪಿತಸ್ಥ ದೇಶಗಳ ಪಟ್ಟಿಗೆ ಸೇರಿಸಿತು. ಅದು ನಮ್ಮ ವಿದೇಶಿ ವಿನಿಮಯ ಬರಿದಾಗಿ ಚಿನ್ನ ಅಡವಿಟ್ಟ ವರ್ಷ. ಹಾಗಿರುವಾಗ ಪಟ್ಟು ಹಿಡಿದು ಕೂರುವ ಶಕ್ತಿ ನಮಗೆ ಎಷ್ಟಿದ್ದೀತು?

ಆ ವರ್ಷದ ಡಿಸೆಂಬರಿನಲ್ಲಿ ಗ್ಯಾಟ್ ಮಹಾನಿರ್ದೇಶಕ ಆರ್ಥರ್ ಡಂಕೆಲ್ ತಮ್ಮ ಕರಡನ್ನು ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ಈ ಅಧಿಕಾರಿಯ ಹೆಸರು ಕರ್ನಾಟಕದ ಹಳ್ಳಿಗಳ ಜಗಲಿಯ ಮಾತಿಗೂ ಬಂತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಭಾರಿ ರೈತ ಸಮಾವೇಶ ನಡೆಯಿತು. ಅಲ್ಲಿ ಕೇಳಿಬಂದದ್ದು ಮುಖ್ಯವಾಗಿ ಬೀಜದ ಮಾತು. ಆದರೆ ಬೀಜಕ್ಕೆ ಕಟ್ಟಿದ ಹಗ್ಗವೇ ಮಾತ್ರೆಗೂ ಕಟ್ಟಿತ್ತು.

1994ರ ಏಪ್ರಿಲ್ 15ರಂದು ಮೊರಾಕೊದ ಮರ್ರಾಕೆಶ್‌ನಲ್ಲಿ ಭಾರತವೂ ಸಹಿ ಹಾಕಿತು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿತು. ಟ್ರಿಪ್ಸ್ ಎಂಬ ಅದರ ಬೌದ್ಧಿಕ ಆಸ್ತಿ ಒಪ್ಪಂದದಂತೆ ಔಷಧಿಗೂ 20 ವರ್ಷದ ಪೇಟೆಂಟ್ ಕೊಡಲೇಬೇಕು. ಭಾರತದಂಥ ದೇಶಗಳಿಗೆ 2005ರವರೆಗೆ ಕಾಲಾವಕಾಶ ಸಿಕ್ಕಿತು. ಅಲ್ಲಿಯವರೆಗೆ ಬಂದ ಅರ್ಜಿಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಡಬೇಕು ಎಂಬುದು ಷರತ್ತು. ಭಾರತ ಆ ಪೆಟ್ಟಿಗೆಯನ್ನೂ ಸರಿಯಾಗಿ ಇಟ್ಟಿಲ್ಲ ಎಂದು ಅಮೆರಿಕ ದೂರಿತು, 1997ರಲ್ಲಿ ಗೆದ್ದಿತು. 1999, 2002 ಮತ್ತು 2005ರಲ್ಲಿ ಮೂರು ತಿದ್ದುಪಡಿಗಳಾದವು. 2005ರ ಜನವರಿ 1ರಿಂದ ಔಷಧಿಗೆ ವಸ್ತುವಿನ ಪೇಟೆಂಟ್ ಮರಳಿ ಬಂತು.

ಏಡ್ಸ್ ಕಲಿಸಿದ ಪಾಠ

ಈ ಗಡುವಿನ ಹತ್ತು ವರ್ಷಗಳು ಎಷ್ಟು ಬೆಲೆಯುಳ್ಳವು ಎಂಬುದನ್ನು ಆಫ್ರಿಕ ತೋರಿಸಿತು. ಏಡ್ಸ್ ರೋಗಿಯನ್ನು ಬದುಕಿಸಿಡಬಲ್ಲ ಮೂರು ಔಷಧಿಗಳ ಚಿಕಿತ್ಸೆ 1996ರ ಹೊತ್ತಿಗೇ ಸಿದ್ಧವಿತ್ತು. ಅದರ ಖರ್ಚು ವರ್ಷಕ್ಕೆ 10,000 ಡಾಲರಿಗೂ ಹೆಚ್ಚು. ರೋಗಿಗಳಲ್ಲಿ ಹೆಚ್ಚಿನವರು ಇದ್ದದ್ದು ಅದನ್ನು ಕನಸಿನಲ್ಲೂ ಎಣಿಸಲಾಗದ ದೇಶಗಳಲ್ಲಿ. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪೆನಿ ಇದೇ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಗಡಿಗಳಿಲ್ಲದ ವೈದ್ಯರು ಎಂಬ ಸೇವಾ ಸಂಸ್ಥೆಗೆ ಕೊಡಲು ಮುಂದೆ ಬಂತು. 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಸ್ಥಾಪಿಸಿದ ಈ ಕಂಪೆನಿಯನ್ನು ಆಗ ನಡೆಸುತ್ತಿದ್ದವರು ಅವರ ಮಗ ಯೂಸುಫ್ ಹಮೀದ್. ಭಾರತದಲ್ಲಿ ಆ ಔಷಧಿಗಳಿಗೆ ವಸ್ತುವಿನ ಪೇಟೆಂಟ್ ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು.

ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಇನ್ನೊಂದು ಹೋರಾಟ ಮುಗಿಯಿತು. ಅಗ್ಗದ ಔಷಧಿ ತರಿಸಿಕೊಳ್ಳಲು ಆ ದೇಶ 1997ರಲ್ಲಿ ಮಾಡಿದ ಕಾಯಿದೆಯ ವಿರುದ್ಧ 39 ಔಷಧಿ ಕಂಪೆನಿಗಳು ಮೊಕದ್ದಮೆ ಹೂಡಿದ್ದವು. ಜಗತ್ತಿನ ಛೀಮಾರಿಗೆ ಅಂಜಿ 2001ರ ಏಪ್ರಿಲಿನಲ್ಲಿ ಹಿಂದೆ ಪಡೆದವು. ನವೆಂಬರಿನಲ್ಲಿ ದೋಹಾದಲ್ಲಿ ಸೇರಿದ ವಾಣಿಜ್ಯ ಸಚಿವರು, ಟ್ರಿಪ್ಸ್ ಒಪ್ಪಂದ ಜನರ ಆರೋಗ್ಯ ಕಾಪಾಡುವ ಕ್ರಮಗಳಿಗೆ ಅಡ್ಡಿಯಾಗಕೂಡದು, ಯಾವ ಕಾರಣಕ್ಕೆ ಕಡ್ಡಾಯ ಲೈಸೆನ್ಸ್ ಕೊಡಬೇಕೆಂಬುದು ಆಯಾ ದೇಶಕ್ಕೆ ಬಿಟ್ಟದ್ದು ಎಂದು ಘೋಷಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಬಡ ದೇಶಗಳಿಗಾಗಿ ದಾನದ ಹಣದಿಂದ ಕೊಂಡ ಏಡ್ಸ್ ಔಷಧಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾರತದಲ್ಲೇ ತಯಾರಾಗುತ್ತಿದ್ದವು.

ಮೂರನೆಯ ಕಲಮಿನ ಒಂದು ಉಪವಾಕ್ಯ

2005ರ ತಿದ್ದುಪಡಿಯ ಹೊತ್ತಿಗೆ ಕೇಂದ್ರದಲ್ಲಿ ಎಡಪಕ್ಷಗಳ ಬೆಂಬಲದ ಸರ್ಕಾರವಿತ್ತು. ಅವುಗಳ ಒತ್ತಾಯದಿಂದ ಕೆಲವು ತಡೆಗಳು ಕಾಯಿದೆಯೊಳಗೆ ಸೇರಿದವು. ಅವುಗಳಲ್ಲಿ ಹೆಸರಾದದ್ದು ಕಲಂ 3(ಡಿ). ಗೊತ್ತಿರುವ ಔಷಧಿಯ ರೂಪವನ್ನು ಕೊಂಚ ಬದಲಿಸಿ ಹೊಸ ಪೇಟೆಂಟ್ ಕೇಳುವಂತಿಲ್ಲ, ಗುಣ ಹೆಚ್ಚಾಗಿದೆ ಎಂದು ತೋರಿಸಬೇಕು ಎನ್ನುತ್ತದೆ ಅದು. ಹಳೆಯ ಮನೆಗೆ ಸುಣ್ಣ ಬಳಿದು ಹೊಸ ಮನೆಯ ಬಾಡಿಗೆ ಕೇಳಬೇಡಿ ಎಂದಂತೆ.

ಇದು ಪರೀಕ್ಷೆಗೆ ಒಳಗಾದದ್ದು ಗ್ಲಿವೆಕ್ ಮೊಕದ್ದಮೆಯಲ್ಲಿ. ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಹತೋಟಿಯಲ್ಲಿಡುವ ಇಮಾಟಿನಿಬ್ ಎಂಬ ಔಷಧಿಯ ಹೊಸ ಹರಳು ರೂಪಕ್ಕೆ ಬಾಸೆಲ್‌ನ ನೊವಾರ್ಟಿಸ್ ಕಂಪೆನಿ 1998ರಲ್ಲಿ ಅರ್ಜಿ ಹಾಕಿತ್ತು. ಅದರ ಬೆಲೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಭಾರತೀಯ ಕಂಪೆನಿಗಳದ್ದು ಸುಮಾರು 8ರಿಂದ 10 ಸಾವಿರ. ಕ್ಯಾನ್ಸರ್ ರೋಗಿಗಳ ಸಂಘವೂ ಆಕ್ಷೇಪಣೆ ಸಲ್ಲಿಸಿತು. 2006ರಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಏಳು ವರ್ಷಗಳ ವ್ಯಾಜ್ಯದ ಬಳಿಕ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ತೀರ್ಪು, ಔಷಧಿಯ ಮಟ್ಟಿಗೆ ಗುಣ ಎಂದರೆ ರೋಗ ವಾಸಿಮಾಡುವ ಗುಣ ಎಂದು ಸ್ಪಷ್ಟಪಡಿಸಿತು. ಅಯ್ಯಂಗಾರ್ ವರದಿಯ ಇತಿಹಾಸ ಅದರಲ್ಲಿ ಪುಟಗಟ್ಟಲೆ ಇದೆ. 1996ರಲ್ಲಿ ನೊವಾರ್ಟಿಸ್ ಆಗಿ ಒಂದುಗೂಡಿದ ಸಿಬಾ ಗೈಗಿ ಮತ್ತು ಸ್ಯಾಂಡೋಜ್, ವಸ್ತುವಿನ ಪೇಟೆಂಟ್ ಇಲ್ಲದ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಮನೆತನಗಳು ಎಂಬುದು ಇಲ್ಲಿ ನೆನಪಾಗುತ್ತದೆ.

ಆರಂಭದಲ್ಲಿ ಹೇಳಿದ ನೆಕ್ಸಾವರ್ ಪ್ರಕರಣ ಕಡ್ಡಾಯ ಲೈಸೆನ್ಸಿನದು. ನಿಯಂತ್ರಕ ಪಿ.ಎಚ್. ಕುರಿಯನ್ ಮೂರು ಕಾರಣ ಕೊಟ್ಟರು: ಔಷಧಿ ಬೇಕಾದವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಮಾತ್ರ ಅದು ಸಿಗುತ್ತಿದೆ, ಬೆಲೆ ಜನರ ಕೈಗೆ ಎಟುಕದು, ಪೇಟೆಂಟನ್ನು ಇಲ್ಲಿ ತಯಾರಿಕೆಗೆ ಬಳಸಿಲ್ಲ. ಮೂರನೆಯ ಮಾತು 1959ರ ವರದಿಯ ಪ್ರತಿಧ್ವನಿಯಂತಿದೆ. ಬೇಯರ್ ಕಂಪೆನಿಗೆ ನೂರಕ್ಕೆ ಆರರಷ್ಟು ರಾಯಧನ ನಿಗದಿಯಾಯಿತು, ಬಳಿಕ ಅದು ಏಳಕ್ಕೆ ಏರಿತು. 2014ರಲ್ಲಿ ಸುಪ್ರೀಂ ಕೋರ್ಟ್ ಈ ಆದೇಶದಲ್ಲಿ ಕೈಹಾಕಲು ನಿರಾಕರಿಸಿತು. ಥಾಯ್ಲೆಂಡ್ ಮತ್ತು ಬ್ರೆಜಿಲ್ ಇದಕ್ಕೂ ಮುಂಚೆಯೇ, 2006 ಮತ್ತು 2007ರಲ್ಲಿ, ಎಫಾವಿರೆಂಜ್ ಎಂಬ ಏಡ್ಸ್ ಔಷಧಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟಿದ್ದವು. 2005ರ ಬಳಿಕ ಭಾರತ ಕೊಟ್ಟದ್ದು ಮಾತ್ರ ಈ ಒಂದೇ ಒಂದು.

ಬಂಡವಾಳ ಎಲ್ಲಿಗೆ ಬಂತು?

ಕಟ್ಟುನಿಟ್ಟಾದ ಪೇಟೆಂಟ್ ಬಂದರೆ ವಿದೇಶಿ ಬಂಡವಾಳ ಹರಿದುಬರುತ್ತದೆ ಎಂಬುದು 1990ರ ದಶಕದ ಭರವಸೆ. ಬಂಡವಾಳ ಬಂದದ್ದು ನಿಜ. 2001ರಲ್ಲಿ ಔಷಧಿ ಉದ್ಯಮದಲ್ಲಿ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಅನುಮತಿಯಾಯಿತು. ಆದರೆ ಅದರ ದೊಡ್ಡ ಪಾಲು ಹೋದದ್ದು ಹೊಸ ಕಾರ್ಖಾನೆ ಕಟ್ಟಲಿಕ್ಕಲ್ಲ, ಇದ್ದವನ್ನು ಕೊಳ್ಳಲಿಕ್ಕೆ. 2006ರಲ್ಲಿ ಮ್ಯಾಟ್ರಿಕ್ಸ್ ಅಮೆರಿಕದ ಮೈಲಾನ್ ವಶಕ್ಕೆ ಹೋಯಿತು. 2008ರಲ್ಲಿ ರ‍್ಯಾನ್‌ಬ್ಯಾಕ್ಸಿ ಜಪಾನಿನ ಡೈಚಿ ಸ್ಯಾಂಕ್ಯೊ ಪಾಲಾಯಿತು. 2009ರಲ್ಲಿ ಲಸಿಕೆ ತಯಾರಿಸುವ ಶಾಂತಾ ಬಯೊಟೆಕ್ನಿಕ್ಸ್ ಫ್ರಾನ್ಸಿನ ಸನೋಫಿಗೆ, 2010ರಲ್ಲಿ ಪಿರಮಾಲ್‌ನ ದೇಶೀ ಔಷಧಿ ವ್ಯಾಪಾರ ಅಮೆರಿಕದ ಅಬಾಟ್‌ಗೆ ಮಾರಾಟವಾದವು. ಎಚ್ಚೆತ್ತ ಸರ್ಕಾರ 2011ರಲ್ಲಿ, ಇರುವ ಕಂಪೆನಿಗಳನ್ನು ಕೊಳ್ಳಲು ಮುಂಚಿತ ಅನುಮತಿ ಬೇಕು ಎಂದಿತು. 2016ರಲ್ಲಿ ಅದನ್ನು ಮತ್ತೆ ಸಡಿಲಿಸಿತು.

ಇದೇ ಅವಧಿಯಲ್ಲಿ ಇನ್ನೊಂದು ಕಡೆ ಬೇರು ಒಣಗಿತು. ಐಡಿಪಿಎಲ್ ಮತ್ತು ಹಿಂದುಸ್ತಾನ್ ಆಂಟಿಬಯೋಟಿಕ್ಸ್ 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿದವು. ಔಷಧಿಗಳ ಮೂಲವಸ್ತುವಿಗೆ ನಾವು ಚೀನಾವನ್ನು ನೆಚ್ಚುವಂತಾಯಿತು. 1955ರಲ್ಲಿ ಪೆನಿಸಿಲಿನ್ ಮಾಡಿದ ದೇಶ ಅದರ ಮೂಲವಸ್ತುವನ್ನೇ ಹೊರಗಿನಿಂದ ತರಿಸಿಕೊಂಡಿತು. ಕೋವಿಡ್ ಬಂದ 2020ರಲ್ಲಿ ಈ ತಪ್ಪಿನ ಅರಿವಾಗಿ, ಮೂಲವಸ್ತು ತಯಾರಿಕೆಗೆ ಪ್ರೋತ್ಸಾಹಧನದ ಯೋಜನೆ ಬಂತು. ಆ ವರ್ಷವೇ ಭಾರತ ಮತ್ತು ದಕ್ಷಿಣ ಆಫ್ರಿಕ, ಕೋವಿಡ್ ಲಸಿಕೆ ಮತ್ತು ಔಷಧಿಗಳ ಮಟ್ಟಿಗೆ ಟ್ರಿಪ್ಸ್ ನಿಯಮಗಳನ್ನು ತಾತ್ಕಾಲಿಕವಾಗಿ ಬದಿಗಿಡಿ ಎಂದು ಕೇಳಿದವು. 2022ರ ಜೂನಿನಲ್ಲಿ ಸಿಕ್ಕಿದ್ದು ಲಸಿಕೆಗೆ ಮಾತ್ರ ಸೀಮಿತವಾದ ಸಣ್ಣ ರಿಯಾಯಿತಿ.

ತೆರೆದ ಬಾಗಿಲು

ಹಾಗಾದರೆ ಕಾನೂನಿನ ಬಾಗಿಲುಗಳು ಇನ್ನೂ ಕೆಲಸ ಮಾಡುತ್ತವೆಯೇ? ಮಾಡುತ್ತವೆ, ತಟ್ಟುವವರಿದ್ದರೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಮಾತ್ರೆಯ ಮೇಲಿನ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯ ಮೂಲ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯುವುದಿತ್ತು. ಅದೇ ವಸ್ತುವಿನ ಒಂದು ಲವಣ ರೂಪಕ್ಕೆ ಪೇಟೆಂಟ್ ಸಿಕ್ಕಿದ್ದರೆ ಏಕಸ್ವಾಮ್ಯ ಇನ್ನೂ ನಾಲ್ಕು ವರ್ಷ ಬೆಳೆಯುತ್ತಿತ್ತು. ಇದಕ್ಕೆ ಆಕ್ಷೇಪಣೆ ಸಲ್ಲಿಸಿದವರಲ್ಲಿ ಕ್ಷಯದಿಂದ ಗುಣವಾದ ಇಬ್ಬರು ಮಹಿಳೆಯರಿದ್ದರು. ಒಬ್ಬರು ಮುಂಬೈಯವರು, ಇನ್ನೊಬ್ಬರು ದಕ್ಷಿಣ ಆಫ್ರಿಕದವರು. ಇಬ್ಬರೂ ಹಳೆಯ ಕ್ಷಯದ ಔಷಧಿಗಳ ದುಷ್ಪರಿಣಾಮದಿಂದ ಕಿವಿ ಕಳೆದುಕೊಂಡವರು. ತಮಗಾದದ್ದು ಇನ್ನೊಬ್ಬರಿಗೆ ಆಗದಿರಲಿ ಎಂಬುದೇ ಅವರ ವಾದದ ತಿರುಳು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಕಂಪೆನಿಯ ಅರ್ಜಿಯನ್ನು ನಿರಾಕರಿಸಿತು.

ಆದರೆ ಇಂಥ ಬಾಗಿಲುಗಳು ಸದ್ದಿಲ್ಲದೆ ಕಿರಿದಾಗುವುದೂ ಉಂಟು. ಪೇಟೆಂಟ್ ಪಡೆದವರು ಅದನ್ನು ಇಲ್ಲಿ ಬಳಸಿದ್ದಾರೆಯೇ ಎಂದು ಪ್ರತಿವರ್ಷ ಸರ್ಕಾರಕ್ಕೆ ಲೆಕ್ಕ ಕೊಡಬೇಕಿತ್ತು. 2024ರ ನಿಯಮಗಳಲ್ಲಿ ಅದು ಮೂರು ವರ್ಷಕ್ಕೊಮ್ಮೆ ಎಂದಾಯಿತು. ಪೇಟೆಂಟ್ ಕೊಡುವ ಮೊದಲೇ ಆಕ್ಷೇಪಣೆ ಸಲ್ಲಿಸುವವರಿಗೆ ಶುಲ್ಕ ಬಂತು, ಆಕ್ಷೇಪಣೆ ವಿಚಾರಣೆಗೆ ಅರ್ಹವೇ ಎಂಬ ಪೂರ್ವಪರೀಕ್ಷೆಯೂ ಬಂತು. ಅದೇ ತಿಂಗಳು ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ಯುರೋಪಿನ ದೇಶಗಳ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. 15 ವರ್ಷಗಳಲ್ಲಿ 100 ಶತಕೋಟಿ ಡಾಲರ್ ಹೂಡಿಕೆಯ ಗುರಿ ಅದರಲ್ಲಿದೆ. ಔಷಧಿ ಪರೀಕ್ಷೆಯ ಮಾಹಿತಿಯ ಮೇಲೂ ಏಕಸ್ವಾಮ್ಯ ಕೊಡಿ ಎಂಬ ಹಳೆಯ ಬೇಡಿಕೆಗೆ ಭಾರತ ಅದರಲ್ಲಿ ಒಪ್ಪಲಿಲ್ಲ. ಬಂಡವಾಳವನ್ನೂ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಹೀಗೆ ಒಪ್ಪಂದದಿಂದ ಒಪ್ಪಂದಕ್ಕೆ ನಡೆದೇ ಇದೆ.

ಜರ್ಮನಿಗೆ 90 ವರ್ಷ ಸಿಕ್ಕಿತು. ನಮಗೆ 1972ರಿಂದ 2005ರವರೆಗೆ 33 ವರ್ಷ ಸಿಕ್ಕಿತು. ಅಷ್ಟರಲ್ಲೇ ಭಾರತ ಬಡ ದೇಶಗಳ ಔಷಧಿ ಅಂಗಡಿ ಎನಿಸಿಕೊಂಡಿತು. ಅದು ಕಾಯಿದೆಯೊಂದರ ಪವಾಡವಲ್ಲ. ಸರ್ಕಾರಿ ಕಾರ್ಖಾನೆ, ಅಲ್ಲಿ ಪಳಗಿದ ರಸಾಯನಶಾಸ್ತ್ರಜ್ಞರು, ಬೆಲೆಯ ಮೇಲೆ ಕಣ್ಣಿಟ್ಟ ಸರ್ಕಾರ, ಕಾನೂನನ್ನು ಓದಿ ಬಳಸಿದ ರೋಗಿಗಳು, ಎಲ್ಲರೂ ಸೇರಿ ಸಾಧಿಸಿದ್ದು. ಮುಂದೆ ಔಷಧಿ ಯಾರ ಕೈಗೆ ಎಟುಕುತ್ತದೆ ಎಂಬುದೂ ಕಲಂ 3(ಡಿ) ಪುಸ್ತಕದಲ್ಲಿ ಉಳಿದಿದೆಯೇ ಎಂಬುದರಿಂದಷ್ಟೇ ತೀರ್ಮಾನವಾಗುವುದಿಲ್ಲ. ಅದನ್ನು ಬಳಸುವ ಧೈರ್ಯ ಕಚೇರಿಗಳಲ್ಲಿ, ಮೂಲವಸ್ತುವನ್ನು ತಯಾರಿಸುವ ಶಕ್ತಿ ಕಾರ್ಖಾನೆಗಳಲ್ಲಿ, ಕೇಳುವ ದನಿ ಜನರಲ್ಲಿ ಉಳಿದಿದೆಯೇ ಎಂಬುದರಿಂದ ತೀರ್ಮಾನವಾಗುತ್ತದೆ.